ಊರ ಚರಿತ್ರೆಯೂ ಊರ ಶಾಲೆಯೂ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ತಾಲೂಕುಗಳ ಶಾಲೆ-ಕಾಲೇಜುಗಳಿಂದ ಹೊರಡುವ ವಾರ್ಷಿಕ ಸಂಚಿಕೆಗಳನ್ನೂ, ಊರೂರ ಸಂಘ ಸಂಸ್ಥೆಗಳು ಮಹೋತ್ಸವಗಳ ನಿಮಿತ್ತವಾಗಿ ಅಚ್ಚುಹಾಕಿಸುವ ಸ್ಮರಣಗ್ರಂಥಗಳನ್ನೂ ತಾಳ್ಮೆಯಿಂದ ಓದಿದವರಿಗೆ ಒಂದು ಸಂಗತಿ ಎದ್ದು ಕಾಣುವದು. ‘ನಮ್ಮ ಊರಿನ ಇತಿಹಾಸ’ ಎಂಬ ಲೇಖನವು ಇವುಗಳಲ್ಲಿ ತಪ್ಪದೆ ಇರುವದು. ಅದರ ಕಟ್ಟು ಮಾತ್ರ ಎಲ್ಲ ಕಡೆಗೂ ಒಂದೇ. ಮೊದಲು ಊರ ಹೆಸರಿಗೆ ಒಂದು ಪೌರಾಣಿಕ ವ್ಯುತ್ಪತ್ತಿ. ಆ ಮೇಲೆ ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ ಎಂದು ಪಠ್ಯಪುಸ್ತಕದ ಕ್ರಮದಲ್ಲಿ ಅರಸುಮನೆತನಗಳ ಮೆರವಣಿಗೆ. ಆ ಮೇಲೆ ಒಂದು ಗುಡಿಯ ಚಿತ್ರ. ಕೊನೆಗೆ ಊರ ಹಿರಿಯರ ಸ್ತುತಿ. ಊರ ಹೆಸರೊಂದನ್ನು ಅಳಿಸಿ ನೆರೆಯೂರ ಹೆಸರನ್ನು ಬರೆದರೆ ಲೇಖನಕ್ಕೆ ಏನೂ ಊನ ಬರಲಾರದು. ಆ ಊರಲ್ಲದೆ ಬೇರೆಲ್ಲಿಯೂ ಸಿಕ್ಕಲಾರದ ಒಂದು ವಾಕ್ಯವೂ ಇಲ್ಲದಿರುವ ಬರಹಕ್ಕೆ ಆ ಊರ ಚರಿತ್ರೆಯೆಂಬ ಹೆಸರು ಹೇಗೆ ಸಲ್ಲುವದೆಂಬದನ್ನು ಬರೆದವರೂ ಕೇಳಿಕೊಂಡಂತಿಲ್ಲ, ಅಚ್ಚುಹಾಕಿಸಿದವರೂ ಕೇಳಿಕೊಂಡಂತಿಲ್ಲ.

ಇದಕ್ಕೆ ಸಾಧನಗಳ ಅಭಾವವು ಕಾರಣವೆಂದು ಹೇಳುವಂತಿಲ್ಲ. ಹಾವೇರಿಯ ಪುರದ ಸಿದ್ಧೇಶ್ವರ, ವರದೆಯು ತುಂಗಭದ್ರೆಯನ್ನು ಕೂಡುವಲ್ಲಿ ನಿಂತಿರುವ ಗಳಗೇಶ್ವರ, ಹರಳಹಳ್ಳಿಯ ಸೋಮೇಶ್ವರ, ಚೌಡದಾನಪುರದ ಮುಕ್ತೇಶ್ವರ ಇವು ಹೆಸರಾದ ಗುಡಿಗಳು. ಇವನ್ನು ಬಿಟ್ಟರೂ, ಕೆರೆಯ ಏರಿ, ಅಗಸೆ, ಹನುಮಪ್ಪನ ಗುಡಿಯ ಕಟ್ಟೆ ಎಲ್ಲಿ ನೋಡಿದರೂ ವೀರಗಲ್ಲೋ ಮಾಸ್ತಿಕಲ್ಲೋ ಅಕ್ಷರವಿರುವ ಒಂದು ಬಂಡೆಯೋ ಕಣ್ಣಿಗೆ ಬೀಳುವ ಊರುಗಳು ಈ ಸೀಮೆಯಲ್ಲಿ ಅನೇಕವಾಗಿವೆ. ಕಾಗಿನೆಲೆಯು ಕನಕದಾಸರ ಹೆಸರಿನೊಡನೆ ಬೆಸೆದ ಊರು. ದೇವರಗುಡ್ಡದ ಗೊರವಯ್ಯನ ಕಾರಣಿಕಕ್ಕೆ ಇಂದಿಗೂ ಸಹಸ್ರಾವಧಿ ಜನರು ಕಿವಿಗೊಟ್ಟು ನಿಲ್ಲುವರು. ಸಾಧನಗಳು ಬಾಗಿಲಲ್ಲಿಯೇ ಬಿದ್ದಿರಲು, ಲೇಖಕರು ಪಠ್ಯಪುಸ್ತಕವನ್ನು ಅರಸಿಕೊಂಡು ಹೋಗುವದೇ ವಿಚಿತ್ರ.

ಈ ಸೀಮೆಯ ಚರಿತ್ರೆಯನ್ನು ಇಲ್ಲಿಯ ವರೆಗೆ ಯಾರು ಬರೆದರು ಎಂಬದನ್ನು ಪರಾಂಬರಿಸಿದರೆ ಈ ವಿಚಿತ್ರದ ಮೂಲವು ಸ್ವಲ್ಪ ತಿಳಿಯುವದು. ಮೊದಲು ಕೈಹಚ್ಚಿದವರು ಇಂಗ್ಲಿಷ್ ಅಧಿಕಾರಿಗಳು. ವಾಲ್ಟರ್ ಎಲಿಯಟ್ಟನು ೧೮೨೪ರ ಕಿತ್ತೂರಿನ ಗದ್ದಲದಲ್ಲಿ ಸೆರೆಸಿಕ್ಕು ಬದುಕಿ ಬಂದವನು. ಆ ಮೇಲಿನ ವರ್ಷಗಳಲ್ಲಿ ದಕ್ಷಿಣ ಮರಾಠಾ ಸೀಮೆಯ ಶಾಸನಗಳನ್ನು ಊರೂರಿಗೆ ಲಿಪಿಕಾರರನ್ನು ಕಳಿಸಿ ನಕಲುಮಾಡಿಸಿದನು. ನೂರಾರು ಶಾಸನಗಳ ಆ ಸಂಗ್ರಹದ ಮೇಲೆ ಎಲಿಯಟ್ಟನ ಹೆಸರಿದೆ. ಬಿಸಿಲಲ್ಲಿ ಕುಳಿತು ಹಳಗನ್ನಡದ ಅಕ್ಷರಗಳನ್ನು ಬಿಡಿಸಿದ ಈ ನೆಲದ ಲಿಪಿಕಾರರ ಹೆಸರುಗಳನ್ನು ಕೇಳಿದವರಿಲ್ಲ. ಅವರ ಓದಿನಲ್ಲಿ ತಪ್ಪುಗಳಿದ್ದವೆಂಬದೂ ನಿಜವೇ. ಅವನ್ನು ತೋರಿಸಿಕೊಟ್ಟವನು ಜಾನ್ ಫೇತ್‌ಫುಲ್ ಫ್ಲೀಟನು. ಫ್ಲೀಟನು ೧೮೮೨ರಲ್ಲಿ ಪ್ರಕಟಿಸಿ, ೧೮೯೬ರಲ್ಲಿ ಮುಂಬಯಿ ಗೆಝೆಟಿಯರಿಗಾಗಿ ಹಿಗ್ಗಿಸಿ ಬರೆದ ಕನ್ನಡ ಜಿಲ್ಲೆಗಳ ರಾಜವಂಶಗಳ ಗ್ರಂಥವು ಇಂದಿಗೂ ತಳಹದಿಯಾಗಿ ನಿಂತಿದೆ. ಅಷ್ಟು ಕಟ್ಟುನಿಟ್ಟಿನ ವಿದ್ವಾಂಸನನ್ನು ಹೊಗಳದೆ ಇರಲಾಗದು. ಆದರೆ ಆತನಿಗೆ ಶಾಸನವೆಂದರೆ ಅರಸರ ವಂಶಾವಳಿಯ ಖಾತೆಪುಸ್ತಕ. ಯಾವ ಅರಸನ ತರುವಾಯ ಯಾವ ಅರಸನು, ಯಾವ ಶಕವರ್ಷದಲ್ಲಿ ಎಂಬಷ್ಟು ಸಿಕ್ಕಿತೆಂದರೆ ಆತನ ಕೆಲಸ ಮುಗಿಯಿತು. ಅದೇ ಬಂಡೆಯ ಕೆಳಗಿನ ಸಾಲುಗಳಲ್ಲಿ ಕೆರೆಗೆ ಬಿಟ್ಟ ಮತ್ತರು, ನಂದಾದೀವಿಗೆಗೆ ಬಿಟ್ಟ ಗಾಣ, ಸಾಕ್ಷಿಗೆ ನಿಂತ ಗಾವುಂಡರು, ಹೊಲದ ಎಲ್ಲೆಗೆ ಹೇಳಿದ ಹಳ್ಳ-ದಿಣ್ಣೆ-ಹುಣಸೆಯ ಮರ ಇವೆಲ್ಲ ಆತನಿಗೆ ಬೇಕಾಗಿರಲಿಲ್ಲ. ಇಂದಿನ ಊರ ಲೇಖಕರು ಫ್ಲೀಟನ ಶ್ರಮವನ್ನು ಬಿಟ್ಟು ಆತನ ಈ ದೃಷ್ಟಿಯನ್ನು ಮಾತ್ರ ಉಳಿಸಿಕೊಂಡಿರುವರು.

೧೮೮೪ರಲ್ಲಿ ಜೇಮ್ಸ್ ಕ್ಯಾಂಬೆಲ್ಲನ ಸಂಪಾದಕತ್ವದಲ್ಲಿ ಹೊರಬಿದ್ದ ಧಾರವಾಡ ಜಿಲ್ಲೆಯ ಗೆಝೆಟಿಯರಿನಲ್ಲಿ ಬೆಳೆ, ಸಂತೆ, ನೇಯ್ಗೆ, ಕುಲಕಸುಬುಗಳ ವಿಷಯವಾಗಿ ಇರುವಷ್ಟು ವಿವರವು ಆ ಕಾಲದ ಬೇರೆ ಪುಸ್ತಕದಲ್ಲಿ ಸಿಕ್ಕುವದಿಲ್ಲ. ಆಗ ಹಾವೇರಿಯು ಕರಜಗಿ ತಾಲೂಕಿನೊಳಗಿತ್ತೆಂಬದನ್ನು ಅರಿಯದ ವಿದ್ಯಾರ್ಥಿಯು ಗೆಝೆಟಿಯರಿನಲ್ಲಿ ಹಾವೇರಿ ತಾಲೂಕನ್ನು ಹುಡುಕಿ ದಣಿಯುವನಷ್ಟೆ. ಗುಡಿಗಳ ಬಗ್ಗೆ ಹೆನ್ರಿ ಕಝಿನ್ಸನು ೧೯೨೬ರಲ್ಲಿ ಪ್ರಕಟಿಸಿದ ಚಾಲುಕ್ಯ ಶಿಲ್ಪದ ಗ್ರಂಥವು ಚಿತ್ರಗಳಿಂದಲೂ ಅಳತೆಗಳಿಂದಲೂ ಬೆಲೆಯುಳ್ಳದ್ದು. ಆದರೆ ಆತನು ಗುಡಿಯನ್ನು ನೋಡಿದನು, ಗುಡಿಯ ಸುತ್ತಲಿನ ಊರನ್ನು ನೋಡಲಿಲ್ಲ.

ಈ ಅಧಿಕಾರಿಗಳ ಕೆಲಸದಿಂದ ಹೊಳೆಯ ಆಚೆಯವರಿಗೆ ಆದಷ್ಟು ಪ್ರಯೋಜನವು ಈಚೆಯವರಿಗೆ ಆಗಲಿಲ್ಲವೆಂಬ ಮಾತನ್ನೂ ಇಲ್ಲಿ ಹೇಳಬೇಕು. ತುಂಗಭದ್ರೆಯ ಆಚೆಯ ದಡವು ಮೈಸೂರಿಗೆ ಸೇರಿದ್ದಿತು. ಅಲ್ಲಿ ಬಿ. ಎಲ್. ರೈಸನು ೧೮೮೬ರಿಂದ ೧೯೦೫ರ ವರೆಗೆ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳನ್ನು ಜಿಲ್ಲೆ ಜಿಲ್ಲೆಗೆ, ತಾಲೂಕು ತಾಲೂಕಿಗೆ ವಿಂಗಡಿಸಿ, ಕನ್ನಡ ಲಿಪಿಯ ಪಾಠಸಮೇತ ಅಚ್ಚುಹಾಕಿಸಿದನು. ಹರಿಹರದ ಒಬ್ಬ ಶಾಲಾಮಾಸ್ತರನು ಚಿತ್ರದುರ್ಗದ ಸಂಪುಟವನ್ನು ತೆಗೆದು ದಾವಣಗೆರೆ ತಾಲೂಕಿನ ಪುಟಗಳನ್ನು ತಿರುವಿದರೆ ತನ್ನ ಊರ ಶಾಸನಗಳು ಒಂದೇ ಕಡೆಗೆ ಸಿಕ್ಕುವವು. ಅದೇ ಹೊಳೆಯ ಈಚೆಯ ರಾಣೆಬೆನ್ನೂರ ತಾಲೂಕಿನ ಮಾಸ್ತರನಿಗೆ ಆ ಅನುಕೂಲವಿರಲಿಲ್ಲ. ಮುಂಬಯಿ ಕರ್ನಾಟಕದ ಶಾಸನಗಳು ೧೯೪೦ರಿಂದ ಈಚೆಗೆ ದಕ್ಷಿಣ ಭಾರತದ ಶಾಸನಗಳೆಂಬ ಮಾಲೆಯಲ್ಲಿ ಬರತೊಡಗಿದರೂ, ಅವುಗಳನ್ನು ಜೋಡಿಸಿದ್ದು ರಾಜವಂಶಗಳ ಕ್ರಮದಲ್ಲಿ. ತನ್ನ ಊರನ್ನು ಹುಡುಕುವವನು ಚಾಲುಕ್ಯರಲ್ಲಿ ಒಂದು, ಕಳಚುರಿಗಳಲ್ಲಿ ಒಂದು, ಸೇವುಣರಲ್ಲಿ ಎರಡು ಎಂದು ಹೆಕ್ಕಬೇಕಾಗುವದು. ಈ ತೊಡಕನ್ನು ಮನಗಂಡು ಎಂ. ಎಂ. ಕಲಬುರ್ಗಿಯವರು ೧೯೭೫ರಲ್ಲಿ ಧಾರವಾಡ ಜಿಲ್ಲೆಯ ಶಾಸನಸೂಚಿಯನ್ನು ಸಿದ್ಧಪಡಿಸಿಕೊಟ್ಟದ್ದು ಸಣ್ಣ ಉಪಕಾರವಲ್ಲ. ಆಗಿನ ಧಾರವಾಡ ಜಿಲ್ಲೆಯಲ್ಲಿಯೇ ಈ ಮೂರು ತಾಲೂಕುಗಳಿದ್ದವು. ಹಾವೇರಿ ಜಿಲ್ಲೆಯು ಪ್ರತ್ಯೇಕವಾದದ್ದು ೧೯೯೭ರಲ್ಲಿ. ಸೂಚಿಯಂಥ ಗ್ರಂಥವನ್ನು ಯಾರೂ ರಸಾಸ್ವಾದಕ್ಕಾಗಿ ಓದುವದಿಲ್ಲ. ಆದರೆ ಒಂದು ಪ್ರೌಢಶಾಲೆಯ ಕಪಾಟಿನಲ್ಲಿ ಹತ್ತು ಕಾದಂಬರಿಗಳಿರುವಲ್ಲಿ ಇಂಥದೊಂದು ಸೂಚಿಯಿದ್ದರೆ ಆ ಶಾಲೆಯಿಂದ ಹೊರಡುವ ಸಂಚಿಕೆಯ ಬಣ್ಣವೇ ಬೇರೆಯಾಗಬಹುದು.

ಸ್ವದೇಶೀಯರ ಪ್ರಯತ್ನಗಳ ಕಡೆಗೆ ತಿರುಗಿದರೆ ಬೇರೊಂದು ಬಗೆಯ ಗುಣದೋಷಗಳು ಕಾಣುವವು. ಪುಣೆಯಲ್ಲಿ ರಾಜವಾಡೆಯವರು ಹಳ್ಳಿಹಳ್ಳಿಗೆ ನಡೆದು, ದೇಶಪಾಂಡೆ-ಕುಲಕರ್ಣಿಗಳ ಮನೆಗಳ ದಫ್ತರಗಳನ್ನು ಬಿಚ್ಚಿಸಿ, ಮರಾಠರ ಇತಿಹಾಸದ ಸಾಧನಗಳನ್ನು ಇಪ್ಪತ್ತೆರಡು ಸಂಪುಟಗಳಲ್ಲಿ ಅಚ್ಚಿಗೆ ತಂದರು. ೧೯೧೦ರಲ್ಲಿ ಅಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವು ಸ್ಥಾಪಿತವಾಯಿತು. ಆ ಗಾಳಿಯು ಧಾರವಾಡಕ್ಕೂ ಬೀಸಿತು. ಆಲೂರ ವೆಂಕಟರಾಯರು ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದು ಕನ್ನಡಿಗರ ಎದೆಯಲ್ಲಿ ಅಭಿಮಾನವನ್ನು ಬಿತ್ತಿದರು. ಆ ಕಾಲಕ್ಕೆ ಅದು ಬೇಕಾಗಿದ್ದ ಗ್ರಂಥ. ಏಕೀಕರಣದ ಚಳವಳಿಗೆ ಅದು ಕೊಟ್ಟ ಬಲವನ್ನು ಅಲ್ಲಗಳೆಯುವವರಿಲ್ಲ. ಆದರೆ ‘ಗತವೈಭವ’ದ ಧಾಟಿಯನ್ನು ಊರ ಚರಿತ್ರೆಗೆ ಹಚ್ಚಿದಾಗ ಅದು ಬೇಗನೆ ಕೆಡುವದು. ನಾಡಿನ ವೈಭವವನ್ನು ಒಮ್ಮೆ ಹಾಡಬಹುದು. ಇನ್ನೂರು ಮನೆಗಳ ಹಳ್ಳಿಯು ಗತವೈಭವವನ್ನು ಹುಡುಕಹೊರಟರೆ ಸಿಕ್ಕದೆ ಹೋಗುವದು, ಸಿಕ್ಕದಿದ್ದಾಗ ಕಲ್ಪಿಸಿಕೊಳ್ಳುವದು.

ಗಳಗನಾಥರ ಉದಾಹರಣೆಯು ಇದಕ್ಕಿಂತ ಹತ್ತಿರದ್ದು. ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯-೧೯೪೨) ಹಾವೇರಿ ತಾಲೂಕಿನ ಗಳಗನಾಥದವರು, ಮೊದಲು ಕನ್ನಡ ಶಾಲೆಯ ಶಿಕ್ಷಕರು. ತಮ್ಮ ಊರ ಹೆಸರನ್ನೇ ಕಾವ್ಯನಾಮವಾಗಿ ತೊಟ್ಟರು, ಅಗಡಿಯ ಆನಂದವನದಿಂದ ‘ಸದ್ಬೋಧಚಂದ್ರಿಕೆ’ಯನ್ನು ಸಂಪಾದಿಸಿದರು, ಪುಸ್ತಕಗಳ ಗಂಟನ್ನು ಹೊತ್ತು ಮನೆಮನೆಗೆ ಹೋಗಿ ಮಾರಿ ಕನ್ನಡದ ಓದುಗರನ್ನು ಹುಟ್ಟಿಸಿದರು. ‘ಮಾಧವ ಕರುಣಾವಿಲಾಸ’ದಲ್ಲಿ ಅವರು ವಿಜಯನಗರದ ಏಳ್ಗೆಯನ್ನು ಚಿತ್ರಿಸಿದ ಬಗೆಯು ಎಷ್ಟೋ ಮನೆಗಳಲ್ಲಿ ಇತಿಹಾಸದ ಮೊದಲ ಪಾಠವಾಯಿತು. ಅಷ್ಟಾದರೂ ಒಂದು ಮಾತು ಉಳಿಯುವದು. ಅವರಿಗೆ ಕೀರ್ತಿಯನ್ನು ತಂದ ಕಾದಂಬರಿಗಳ ರಂಗಸ್ಥಳವು ಹಂಪೆ; ಅವರು ಹುಟ್ಟಿದ ಸಂಗಮದ ದಂಡೆಯಲ್ಲಿ, ಹೊಳೆಯ ಪೂರವನ್ನು ತಡೆಯಲೆಂಬಂತೆ ಇಳಿಜಾರು ಮೆಟ್ಟಿಲುಗಳ ಅಧಿಷ್ಠಾನವನ್ನು ಕಟ್ಟಿಸಿಕೊಂಡು ನಿಂತಿರುವ ಗಳಗೇಶ್ವರನು ಅವರಿಗೆ ಹೆಸರನ್ನು ಕೊಟ್ಟನೇ ಹೊರತು ಕಥೆಯನ್ನು ಕೊಡಲಿಲ್ಲ. ಕಾದಂಬರಿಕಾರನಿಗೆ ವಸ್ತುವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವಿದೆ. ಇದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಆದರೆ ಅವರ ಊರಿನ ಇಂದಿನ ಶಿಕ್ಷಕನೂ ಹಂಪೆಯ ಚರಿತ್ರೆಯನ್ನು ಬಾಯಿಪಾಠ ಒಪ್ಪಿಸುವಷ್ಟು ಸಲೀಸಾಗಿ ಗುತ್ತಲದ ಅರಸರ ಹೆಸರನ್ನು ಹೇಳಲಾರನು ಎಂಬಲ್ಲಿ ದೋಷವಿದೆ.

ಆ ಗುತ್ತರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನೋಡತಕ್ಕದ್ದು. ಏಕೆಂದರೆ ಈ ಸೀಮೆಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠವು ಬೇರೆಲ್ಲಿಯೂ ಸಿಕ್ಕಲಾರದು. ಇಂದಿನ ಗುತ್ತಲವೇ ಶಾಸನಗಳ ಗುತ್ತವೊಳಲು. ಅಲ್ಲಿಂದ ಆಳಿದ ಗುತ್ತರು ಕಲ್ಯಾಣದ ಚಾಲುಕ್ಯರಿಗೂ ಆ ಮೇಲೆ ದೇವಗಿರಿಯ ಸೇವುಣರಿಗೂ ಮಾಂಡಲಿಕರಾಗಿದ್ದರು. ಅವರ ಶಾಸನಗಳಲ್ಲಿ ಮುಖ್ಯವಾದವು ರಾಣೆಬೆನ್ನೂರ ತಾಲೂಕಿನ ಚೌಡದಾನಪುರದಲ್ಲಿವೆ. ತುಂಗಭದ್ರೆಯ ದಂಡೆಯ ಮುಕ್ತೇಶ್ವರನ ಅಂಗಳದಲ್ಲಿ ಆಳೆತ್ತರಕ್ಕೂ ಮೀರಿದ ಬಂಡೆಗಳು ಮೈತುಂಬ ಅಕ್ಷರವನ್ನು ಹೊತ್ತು ನಿಂತಿವೆ. ಅವುಗಳ ಕನ್ನಡವು ಕೇವಲ ದಾನಪತ್ರದ ಕನ್ನಡವಲ್ಲ. ಅದನ್ನು ರಚಿಸಿದವರು ಛಂದಸ್ಸನ್ನು ಬಲ್ಲವರು. ಮುಕ್ತಜೀಯನೆಂಬ ಲಾಕುಳಶೈವ ಯತಿಯ ವಿಷಯವೂ, ೧೨೨೫ರಲ್ಲಿ ಇಲ್ಲಿಗೆ ಬಂದು ನೆಲೆಸಿ ದೀರ್ಘಕಾಲ ತಪಸ್ಸು ಮಾಡಿದ ಶಿವದೇವನೆಂಬ ವೀರಶೈವ ಯತಿಯ ವಿಷಯವೂ ಅವುಗಳಿಂದ ತಿಳಿಯುವವು. ಒಂದೇ ಗುಡಿಯ ಅಂಗಳದಲ್ಲಿ ಲಾಕುಳವು ಹಿಂದೆ ಸರಿದು ವೀರಶೈವವು ಮುಂದೆ ಬರುವ ಸಂಧಿಕಾಲವನ್ನು ಕಾಣಬಹುದು. ಧರ್ಮದ ಚರಿತ್ರೆಯನ್ನು ಕಲ್ಯಾಣದ ಒಂದೇ ಒಂದು ದಶಕದಲ್ಲಿ ಕಟ್ಟಿಹಾಕಿ ಓದಿಸುವ ಪಠ್ಯಕ್ರಮಕ್ಕೆ ಇದು ಒಳ್ಳೆಯ ತಿದ್ದುಪಡಿ.

ಈ ಶಾಸನಗಳಲ್ಲಿ ಗುತ್ತರು ತಮ್ಮನ್ನು ‘ಉಜ್ಜಯಿನೀಪುರವರಾಧೀಶ್ವರ’ರೆಂದು ಕರೆದುಕೊಂಡು, ಚಂದ್ರಗುಪ್ತ ವಿಕ್ರಮಾದಿತ್ಯರ ವಂಶದವರೆಂದು ಹೇಳಿಕೊಂಡಿರುವರು. ಸಾಮಾನ್ಯ ಸ್ಮರಣಗ್ರಂಥದ ಲೇಖಕನು ಇಲ್ಲಿ ಹಿಗ್ಗಿ, ಮಗಧದ ಗುಪ್ತಸಾಮ್ರಾಟರ ರಕ್ತವು ಗುತ್ತಲದಲ್ಲಿ ಹರಿದಿತ್ತೆಂದು ಬರೆದುಬಿಡುವನು. ಅತಿಬುದ್ಧಿವಂತನಾದ ಇನ್ನೊಬ್ಬನು ಇದೆಲ್ಲ ಹೊಗಳುಭಟರ ಸುಳ್ಳೆಂದು ಬದಿಗೆ ತಳ್ಳುವನು. ಇಬ್ಬರೂ ಶಾಸನವನ್ನು ಓದಿದಂತಾಗಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬನವಾಸಿ ಪನ್ನಿರ್ಚ್ಛಾಸಿರದ ಅಂಚಿನಲ್ಲಿ ಸಣ್ಣದೊಂದು ನಾಡನ್ನು ಆಳುವ ಮಾಂಡಲಿಕನಿಗೆ ಉಜ್ಜಯಿನಿಯ ಹೆಸರು ಏಕೆ ಬೇಕಾಯಿತು? ಸುತ್ತಲಿನ ಮಾಂಡಲಿಕರು ಯಾವ ಯಾವ ಪುರಗಳ ಅಧೀಶ್ವರರೆಂದು ಹೇಳಿಕೊಳ್ಳುತ್ತಿದ್ದರು? ಹಾನಗಲ್ಲಿನ ಕದಂಬರು ಬನವಾಸೀಪುರವರಾಧೀಶ್ವರರೆಂದು ಬರೆಯಿಸಿಕೊಳ್ಳುತ್ತಿದ್ದಾಗ, ನೆರೆಯ ಗುತ್ತರು ಅದಕ್ಕಿಂತ ದೂರದ, ಅದಕ್ಕಿಂತ ಹಳೆಯ ಹೆಸರೊಂದನ್ನು ಆರಿಸಿಕೊಂಡರೆಂದರೆ ಅದರಲ್ಲಿ ಒಂದು ರಾಜಕಾರಣವಿದೆ. ಈ ಪ್ರಶ್ನೆಗಳನ್ನು ಕೇಳುವದನ್ನು ಹತ್ತನೆಯ ಇಯತ್ತೆಯ ಹುಡುಗನಿಗೂ ಕಲಿಸಬಹುದು. ಹೇಳಿಕೆಗೂ ಸಂಗತಿಗೂ ಇರುವ ಅಂತರವನ್ನು ಒಮ್ಮೆ ತನ್ನ ತಾಲೂಕಿನ ಬಂಡೆಯ ಮೇಲೆಯೇ ಕಂಡವನು ಮುಂದೆ ವರ್ತಮಾನಪತ್ರವನ್ನು ಓದುವ ರೀತಿಯೂ ಬೇರೆಯಾಗುವದು.

ಚೌಡದಾನಪುರದ ಗುಡಿಯನ್ನು ಕುರಿತು ವಸುಂಧರಾ ಫಿಲಿಯೋಜಾ ಅವರು ಬರೆದು ೧೯೯೫ರಲ್ಲಿ ಪ್ರಕಟವಾದ ಇಂಗ್ಲಿಷ್ ಗ್ರಂಥವನ್ನು ಈ ಪ್ರಸಂಗದಲ್ಲಿ ನೆನೆಯದೆ ಇರಲಾಗದು. ಒಂದೇ ಒಂದು ಗುಡಿ, ಅದರ ಶಾಸನಗಳು, ಅದರ ಶಿಲ್ಪ, ಅದರ ಯತಿಗಳು ಇಷ್ಟನ್ನೇ ಹಿಡಿದು ಗ್ರಂಥವೊಂದನ್ನು ಕಟ್ಟಬಹುದೆಂಬದಕ್ಕೆ ಅದು ಮಾದರಿ. ಶಾಸನದ ಮಾತನ್ನು ಗುಡಿಯ ಗೋಡೆಗೆ ಹೊಂದಿಸಿ ನೋಡುವ ಕ್ರಮ, ಪಾಠವನ್ನು ಪೂರ್ತಿಯಾಗಿ ಕೊಡುವ ಪ್ರಾಮಾಣಿಕತೆ, ಇವು ಅದರ ಹೆಚ್ಚಳ. ಅಂಥ ಕೃತಿಯು ಈ ತಾಲೂಕಿನ ಶಾಲೆಗಳಲ್ಲಿ ಓದಿಸಬಹುದಾದ ಕನ್ನಡದ ಸಣ್ಣ ಪುಸ್ತಕವಾಗಿ ಇಳಿದು ಬರದಿರುವದು ಇಲ್ಲಿಯ ಶಿಕ್ಷಿತ ಸಮಾಜದ ಉದಾಸೀನವೇ ಹೊರತು ಗ್ರಂಥಕರ್ತ್ರಿಯ ನ್ಯೂನತೆಯಲ್ಲ. ಒಬ್ಬ ಉಪಾಧ್ಯಾಯನು ಮನಸ್ಸುಮಾಡಿದರೆ ಎರಡು ರಜೆಯ ಕಾಲದಲ್ಲಿ ಆಗತಕ್ಕ ಕೆಲಸವದು.

ಹಾವೇರಿಯ ಸಿದ್ಧೇಶ್ವರನ ಗುಡಿಯು ಇನ್ನೊಂದು ಬಗೆಯ ಪಾಠವನ್ನು ಹೇಳುವದು. ಚಾಲುಕ್ಯರ ಗುಡಿಗಳು ಸಾಮಾನ್ಯವಾಗಿ ಪೂರ್ವಾಭಿಮುಖವಾಗಿರಲು, ಇದು ಪಶ್ಚಿಮಕ್ಕೆ ಮೋರೆಮಾಡಿದೆ. ನೆಲವು ಕುಸಿದದ್ದರಿಂದ ಮಂಟಪಕ್ಕೆ ಇಳಿದು ಹೋಗಬೇಕು. ಇಂದು ಶಿವಾಲಯವಾಗಿರುವ ಇದು ಮೊದಲು ಯಾವ ದೇವರಿಗೆ ಪ್ರತಿಷ್ಠಿತವಾಗಿತ್ತೆಂಬದರಲ್ಲಿ ವಿದ್ವಾಂಸರು ಒಂದು ನಿರ್ಣಯಕ್ಕೆ ಬಂದಿಲ್ಲ. ಇಂಥ ಪ್ರಶ್ನೆಯನ್ನು ಶಾಲೆಯ ಪ್ರವಾಸದಲ್ಲಿ ಮಕ್ಕಳ ಮುಂದೆ ಇಡುವ ಶಿಕ್ಷಕರು ವಿರಳ. ಉತ್ತರವು ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಿದರೆ ತಮ್ಮ ಗೌರವಕ್ಕೆ ಕುಂದೆಂದು ಅವರು ಅಂಜುವರೋ ಏನೋ. ಮಕ್ಕಳು ಗುಡಿಯನ್ನು ಒಮ್ಮೆ ಸುತ್ತಿ, ಸಾಲಾಗಿ ನಿಂತು ಚಿತ್ರ ತೆಗೆಯಿಸಿಕೊಂಡು, ಬುತ್ತಿ ಬಿಚ್ಚುವರು. ಗುಡಿಯು ಎತ್ತ ಮೋರೆಮಾಡಿದೆಯೆಂಬದನ್ನು ಕೂಡ ಕಾಣದೆ ಮರಳುವರು.

ಶಿಕ್ಷಕರ ಅಡಚಣೆಗಳು ಸುಳ್ಳಲ್ಲ. ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ, ಗಣತಿಯ ಕೆಲಸ ಇವುಗಳ ನಡುವೆ ಪಾಠಕ್ಕೇ ವೇಳೆ ಸಾಲದಿರುವಾಗ ಸಂಶೋಧನೆಯ ಮಾತನ್ನಾಡುವದು ಕ್ರೂರವೆನ್ನಿಸಬಹುದು. ಸಂಶೋಧನೆಯೆಂಬ ಶಬ್ದವೇ ಅವರನ್ನು ಹೆದರಿಸಿದೆ. ಪದವಿಗಾಗಿ ಬರೆದ ಪ್ರಬಂಧಗಳ ಗಾತ್ರವನ್ನು ಕಂಡು ಅದು ವಿಶ್ವವಿದ್ಯಾಲಯದವರ ಸೊತ್ತೆಂದು ಅವರು ತಿಳಿದಿರುವರು. ಆದರೆ ಧಾರವಾಡದ ಶಂ. ಬಾ. ಜೋಶಿಯವರು ಶಾಲಾಶಿಕ್ಷಕರಾಗಿದ್ದುಕೊಂಡೇ ಕನ್ನಡ ನಾಡಿನ ಮೂಲವನ್ನು ಶೋಧಿಸಹೊರಟವರು. ಅವರ ಸಿದ್ಧಾಂತಗಳೆಲ್ಲವನ್ನೂ ಒಪ್ಪದವರು ಕೂಡ, ಊರ ಹೆಸರುಗಳಲ್ಲಿಯೂ ಜನರ ಆಡುಮಾತಿನಲ್ಲಿಯೂ ಚರಿತ್ರೆಯು ಅಡಗಿದೆಯೆಂಬ ಅವರ ದೃಷ್ಟಿಯ ಉಪಕಾರವನ್ನು ಮರೆಯಲಾರರು. ಹೊಲಗಳ ಹೆಸರುಗಳನ್ನು ಪಟ್ಟಿಮಾಡುವದಕ್ಕೆ ಯಾವ ಪದವಿಯೂ ಬೇಡ. ಒಂದು ಊರ ಮಕ್ಕಳು ತಮ್ಮ ಮನೆಯ ಹಿರಿಯರನ್ನು ಕೇಳಿ, ಹೊಲ, ಹಳ್ಳ, ಬಾವಿ, ಓಣಿಗಳ ಹೆಸರುಗಳನ್ನು ಒಂದು ವರ್ಷದಲ್ಲಿ ಬರೆದಿಟ್ಟರೆ, ಅದರಲ್ಲಿ ಶಾಸನದ ಎಲ್ಲೆಯ ವರ್ಣನೆಗೆ ಹೊಂದುವ ಹೆಸರೊಂದು ಸಿಕ್ಕಿದರೂ ಸಿಕ್ಕೀತು.

ಶಾಸನಗಳ ಬಗ್ಗೆ ಮಾತ್ರ ಎಚ್ಚರಿಕೆಯು ಬೇಕು. ಉತ್ಸಾಹದಿಂದಲೂ ಕೆಡುಕಾಗುವದುಂಟು. ಅಕ್ಷರಗಳು ಎದ್ದು ಕಾಣಲೆಂದು ಸುಣ್ಣವನ್ನು ತುಂಬುವದು, ಇದ್ದಲಿಯಿಂದ ತಿಕ್ಕುವದು, ಭಕ್ತಿಗಾಗಿ ಎಣ್ಣೆ ಸುರಿಯುವದು, ಜಾತ್ರೆಗಾಗಿ ಹೊಳೆಯುವ ಬಣ್ಣವನ್ನು ಬಳಿಯುವದು, ಇವುಗಳಿಂದ ಎಂಟುನೂರು ವರ್ಷ ಮಳೆಬಿಸಿಲನ್ನು ತಾಳಿದ ಬರಹವು ಎಂಟು ವರ್ಷಗಳಲ್ಲಿ ಮುಚ್ಚಿಹೋಗುವದು. ಗುಡಿಯ ಜೀರ್ಣೋದ್ಧಾರವೆಂಬ ಪುಣ್ಯಕಾರ್ಯದಲ್ಲಿ ಹಳೆಯ ಕಂಬ-ಬಂಡೆಗಳನ್ನು ತಳಪಾಯಕ್ಕೆ ಹಾಕಿ ಮೇಲೆ ಸಿಮೆಂಟಿನ ಶಿಖರವನ್ನು ಎತ್ತುವದಂತೂ ಈಗ ಸಾಮಾನ್ಯವಾಗಿದೆ. ನೀರಿನಿಂದ ಮೆಲ್ಲನೆ ತೊಳೆದು, ಮುಂಜಾನೆ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಛಾಯಾಚಿತ್ರವನ್ನು ತೆಗೆದರೆ ಮಧ್ಯಾಹ್ನದಲ್ಲಿ ಕಾಣದ ಅಕ್ಷರಗಳು ಕಾಣುವವು. ಕಾಗದದ ಮೇಲೆ ಅಚ್ಚುತೆಗೆಯುವ ಕೆಲಸವನ್ನು ಅರಿತವರಿಗೆ ಬಿಡುವದು ಲೇಸು. ಬಂಡೆಯು ಎಲ್ಲಿದೆ, ಯಾವ ದಿಕ್ಕಿಗಿದೆ, ಎಷ್ಟೆತ್ತರವಿದೆ, ಮೇಲೆ ಯಾವ ಶಿಲ್ಪವಿದೆ, ಎಷ್ಟು ಸಾಲುಗಳಿವೆ ಎಂದು ಬರೆದಿಟ್ಟರೆ, ಓದಲು ಬಾರದವನೂ ಓದಬಲ್ಲವನಿಗೆ ದೊಡ್ಡ ಸಹಾಯ ಮಾಡಿದಂತಾಗುವದು. ಶಕವರ್ಷಕ್ಕೆ ಎಪ್ಪತ್ತೆಂಟನ್ನು ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕವು ಬರುವದೆಂಬ ಲೆಕ್ಕವನ್ನು ಮಕ್ಕಳು ಒಂದೇ ದಿನದಲ್ಲಿ ಕಲಿಯುವರು.

ಕಲ್ಲು ಕಾಯ್ದುಕೊಂಡಿರುವದು, ಮನುಷ್ಯನು ಕಾಯ್ದುಕೊಂಡಿರಲಾರನು. ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ೧೯೪೩ರ ಏಪ್ರಿಲ್ ೧ರಂದು ಮೈಲಾರ ಮಹಾದೇವಪ್ಪನವರು ಸರಕಾರದ ಕಂದಾಯದ ಹಣವಿದ್ದ ವೀರಭದ್ರನ ಗುಡಿಯ ಮೇಲೆ ನಡೆಸಿದ ದಾಳಿಯಲ್ಲಿ ಗುಂಡಿಗೆ ಬಲಿಯಾದರು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಲ್ಲಿ ೧೯೧೧ರಲ್ಲಿ ಹುಟ್ಟಿದ ಅವರು ೧೯೩೦ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದವರು. ಸಾಯುವಾಗ ಮೂವತ್ತೊಂದು ವರ್ಷ. ಅವರೊಡನೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬಿಬ್ಬರೂ ಪ್ರಾಣವನ್ನು ಕೊಟ್ಟರು. ಈ ಮೂವರನ್ನು ಕುರಿತ ಬರಹಗಳನ್ನು ಪರೀಕ್ಷಿಸಿದರೆ, ಮಹಾದೇವಪ್ಪನವರಿಗೆ ಪುಟಗಳು, ಉಳಿದಿಬ್ಬರಿಗೆ ಒಂದೊಂದು ಸಾಲು. ಅದೂ ವರ್ಷವರ್ಷವೂ ಒಂದೇ ಸಾಲು. ಅವರು ಯಾವ ಓಣಿಯವರು, ಚಳವಳಿಗೆ ಹೇಗೆ ಬಂದರು, ಅವರು ಹೋದ ಮೇಲೆ ಮನೆಯವರು ಹೇಗೆ ಬದುಕಿದರು, ಪೋಲೀಸರ ಭಯದಲ್ಲಿ ಊರು ಆ ವರ್ಷವನ್ನು ಹೇಗೆ ಕಳೆಯಿತು, ಇವನ್ನು ಕಂಡವರ ಬಾಯಿಂದ ಬರೆದುಕೊಳ್ಳುವ ಅವಕಾಶವು ಅರ್ಧ ಶತಮಾನದ ವರೆಗೆ ತೆರೆದಿತ್ತು. ಆ ದಿನ ಹತ್ತು ವರ್ಷದವನಾಗಿದ್ದ ಹುಡುಗನಿಗೆ ಇಂದು ತೊಂಬತ್ತು ದಾಟಿದೆ. ವರ್ಷಕ್ಕೊಮ್ಮೆ ಹುತಾತ್ಮರ ಭಾವಚಿತ್ರಕ್ಕೆ ಮಾಲೆ ಹಾಕಿ ಭಾಷಣಮಾಡಿದ ಕೈಗಳಲ್ಲಿ ಒಂದಾದರೂ ಲೇಖಣಿಯನ್ನು ಹಿಡಿದು ಆ ಮುದುಕರ ಕಟ್ಟೆಯ ಮೇಲೆ ಕುಳಿತಿದ್ದರೆ ಇಂದಿನ ಕೊರತೆಯು ಇಷ್ಟು ದೊಡ್ಡದಾಗುತ್ತಿರಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇರುವರು. ಎರಡನೆಯ ಬಾಯಿಯ ಮಾತಾದರೂ ಇನ್ನೂ ಸಿಕ್ಕುವದು.

ಪಾರಿತೋಷಕಗಳನ್ನು ಕೊಡುವ ಕ್ರಮವೂ ಈ ದೋಷಕ್ಕೆ ನೀರೆರೆಯುತ್ತಿದೆ. ಸ್ಥಳೀಯ ಇತಿಹಾಸದ ಮೇಲೆ ನಡೆಯುವ ನಿಬಂಧಸ್ಪರ್ಧೆಗಳಲ್ಲಿ ಬಹುಮಾನವು ಹೋಗುವದು ಭಾಷೆಯ ಓಘಕ್ಕೆ. ‘ಪುಣ್ಯಭೂಮಿ’, ‘ಕಲೆಯ ತವರು’, ‘ಶರಣರ ನಾಡು’ಎಂಬ ಮೂರು ಪದಗಳನ್ನು ಸರಿಯಾದ ತಾಣದಲ್ಲಿ ಇಟ್ಟವನು ಗೆಲ್ಲುವನು. ತನ್ನ ಅಜ್ಜಿಯಿಂದ ೧೯೬೦ರ ದಶಕದ ಬರಗಾಲದ ಒಂದು ಮಾತನ್ನು ಕೇಳಿ ಒರಟಾದ ಕನ್ನಡದಲ್ಲಿ ಬರೆದವನು ಸೋಲುವನು. ಪರೀಕ್ಷಕರು ಪ್ರತಿಯೊಂದು ಲೇಖನವನ್ನೂ ‘ಇದನ್ನು ಯಾರಿಂದ ತಿಳಿದೆ, ಎಲ್ಲಿ ನೋಡಿದೆ’ ಎಂದು ಕೇಳಿ, ಉತ್ತರವಿಲ್ಲದ್ದಕ್ಕೆ ಗುಣಗಳನ್ನು ಕಳೆಯತೊಡಗಿದರೆ ಎರಡು ವರ್ಷಗಳಲ್ಲಿ ಫಲವು ಕಾಣುವದು.

ಇದಕ್ಕಿಂತ ಕಠಿಣವಾದ ತೊಡಕೊಂದಿದೆ. ಅದನ್ನು ಸ್ಮರಣಗ್ರಂಥಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವದಿಲ್ಲ. ಊರ ಚರಿತ್ರೆಯೆಂದರೆ ಊರ ಜಾತಿಗಳ, ಮನೆತನಗಳ, ಮಠಗಳ ಚರಿತ್ರೆ. ಕಾಗಿನೆಲೆಯ ಕನಕದಾಸರ, ಚೌಡದಾನಪುರದೊಡನೆ ಹೆಸರು ಬೆರೆತ ಅಂಬಿಗರ ಚೌಡಯ್ಯನ ವಿಷಯದಲ್ಲಿ ಐತಿಹ್ಯವೆಷ್ಟು, ಆಧಾರವೆಷ್ಟು ಎಂದು ಬಿಡಿಸಿ ನೋಡಹೊರಟ ಶಿಕ್ಷಕನಿಗೆ ಯಾರಾದರೊಬ್ಬರು ಮುನಿಯುವದು ನಿಶ್ಚಯ. ಚೌಡಯ್ಯನಿಗೆ ದಾನವಾಗಿ ಬಂದ ಪುರವೇ ಚೌಡದಾನಪುರವೆಂಬ ವಿವರಣೆಯನ್ನು ಊರವರು ಹೇಳುವರು. ಅದನ್ನು ಬರೆಯುವ ವಿದ್ಯಾರ್ಥಿಯು ‘ಊರವರು ಹೀಗೆ ಹೇಳುವರು’ ಎಂಬ ಮೂರು ಪದಗಳನ್ನು ಬಿಡದೆ ಸೇರಿಸಿದರೆ ಭಕ್ತಿಗೂ ಕುಂದಿಲ್ಲ, ಸತ್ಯಕ್ಕೂ ಕುಂದಿಲ್ಲ. ಐತಿಹ್ಯವನ್ನು ಐತಿಹ್ಯವೆಂದು ಬರೆದಿಡುವದು ಕೂಡ ಚರಿತ್ರಕಾರನ ಕರ್ತವ್ಯವೇ; ದೇವರಗುಡ್ಡದ ಕಾರಣಿಕದ ನುಡಿಗಳನ್ನು ವರ್ಷವರ್ಷವೂ, ಜನರು ಅದಕ್ಕೆ ಹೇಳಿದ ಅರ್ಥಸಮೇತವಾಗಿ ದಾಖಲೆಮಾಡಿದರೆ, ರೈತನು ಯಾವ ವರ್ಷ ಮಳೆಗೆ ಅಂಜಿದನು, ಯಾವ ವರ್ಷ ರಾಜಕಾರಣಕ್ಕೆ ಅಂಜಿದನು ಎಂಬುದರ ಒಂದು ಪಂಚಾಂಗವೇ ದೊರೆಯುವದು. ತೊಂದರೆಯು ಹುಟ್ಟುವದು ಐತಿಹ್ಯಕ್ಕೆ ತಾಮ್ರಪಟದ ವೇಷವನ್ನು ಹಾಕಿದಾಗ. ಇಂಥ ಪ್ರಸಂಗದಲ್ಲಿ ಒಬ್ಬಂಟಿಯಾದ ಮಾಸ್ತರನ ಬೆನ್ನಿಗೆ ಊರ ಶಿಕ್ಷಿತ ಮನೆತನಗಳು ನಿಲ್ಲುವವೋ ಇಲ್ಲವೋ ಎಂಬದರ ಮೇಲೆ ಈ ಕಾರ್ಯದ ಭವಿಷ್ಯವು ನಿಂತಿದೆ. ಪುಸ್ತಕಗಳ ಕೊರತೆಯನ್ನು ಈಗ ಅಷ್ಟಾಗಿ ಹೇಳುವಂತಿಲ್ಲ. ಗೆಝೆಟಿಯರೂ ಶಾಸನಸಂಪುಟಗಳೂ ಅಂತರ್ಜಾಲದಿಂದ ಮೊಬೈಲಿನಲ್ಲಿಯೇ ಓದಲು ಸಿಕ್ಕುವವು. ಧೈರ್ಯವು ಅಲ್ಲಿ ಸಿಕ್ಕುವದಿಲ್ಲ.

ಬ್ಯಾಡಗಿಯ ವಿಷಯದಲ್ಲಿ ಚರಿತ್ರೆಯ ಲೇಖಕರು ಮಾಡಿದ ಅನ್ಯಾಯವು ಉಳಿದೆರಡು ಊರುಗಳಿಗಿಂತ ಹೆಚ್ಚಿನದು. ಸಿದ್ಧೇಶ್ವರನಂಥ ಗುಡಿಯಾಗಲಿ, ೧೮೦೦ರಲ್ಲಿ ಧೋಂಡಿಯಾ ವಾಘನ ಬೆನ್ನಟ್ಟಿ ಬಂದ ವೆಲ್ಲೆಸ್ಲಿಯ ಸೈನ್ಯವು ಏರಿಹೋದ ರಾಣೆಬೆನ್ನೂರ ಕೋಟೆಯಂಥ ಕಥೆಯಾಗಲಿ ಅಲ್ಲಿಲ್ಲವೆಂದು, ಪೇಟೆಯ ಊರಿಗೆ ಚರಿತ್ರೆಯೇನು ಎಂದು ಬಿಟ್ಟುಬಿಟ್ಟಿರುವರು. ಆದರೆ ಅದರ ಹೆಸರನ್ನು ನಾಡಿನ ಹೊರಗೆ ಒಯ್ದದ್ದು ಮೆಣಸಿನಕಾಯಿ. ಸುಕ್ಕುಗಟ್ಟಿದ ಸಿಪ್ಪೆಯ, ಕಡುಗೆಂಪು ಬಣ್ಣದ, ಖಾರ ಕಡಿಮೆಯಾದ ಈ ಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂಬ ಬಗೆಗಳಿವೆ. ಇದಕ್ಕೆ ೨೦೧೧ರಲ್ಲಿ ಭೌಗೋಲಿಕ ಗುರುತು ದೊರೆಯಿತು. ಹುಬ್ಬಳ್ಳಿಯಿಂದ ಹರಿಹರಕ್ಕೆ ರೈಲುಹಾದಿಯು ಬಿದ್ದ ಮೇಲೆ ಈ ಪೇಟೆಯು ಹೇಗೆ ಬೆಳೆಯಿತು, ಅಡತಿಯವರು ಎಲ್ಲೆಲ್ಲಿಂದ ಬಂದು ನೆಲೆಸಿದರು, ಹಮಾಲರ ಓಣಿಗಳು ಎಂದು ಹುಟ್ಟಿದವು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿಯು ಯಾವ ಕಾಲಕ್ಕೆ ಎಷ್ಟಿತ್ತು, ಅಡಿಗೆಯ ಕಾಯಿಯು ಬಣ್ಣದ ಸತ್ವವನ್ನು ತೆಗೆಯುವ ಕಾರಖಾನೆಗಳಿಗೆ ಹೋಗತೊಡಗಿದಾಗ ರೈತನ ಬಿತ್ತನೆಯು ಹೇಗೆ ಬದಲಾಯಿತು, ಇವೆಲ್ಲ ಯಾವ ಅರಸನ ವಂಶಾವಳಿಗಿಂತಲೂ ಕಡಿಮೆಯ ಪ್ರಶ್ನೆಗಳಲ್ಲ. ೨೦೨೪ರ ಮಾರ್ಚದಲ್ಲಿ ದರವು ಕುಸಿದಾಗ ರೊಚ್ಚಿಗೆದ್ದ ರೈತರು ಮಾರುಕಟ್ಟೆಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ೨೦೦೮ರ ಜೂನದಲ್ಲಿ ಗೊಬ್ಬರಕ್ಕಾಗಿ ನೆರೆದ ರೈತರ ಮೇಲೆ ಹಾವೇರಿಯಲ್ಲಿ ಗೋಲೀಬಾರು ನಡೆದು ಪ್ರಾಣಹಾನಿಯಾಯಿತು. ಈ ಎರಡು ಘಟನೆಗಳನ್ನು ಕಣ್ಣಾರೆ ಕಂಡವರು ಇನ್ನೂ ನಡುವಯಸ್ಸಿನವರು. ಹೊಸರಿತ್ತಿಯ ವಿಷಯದಲ್ಲಿ ಕಳೆದುಕೊಂಡ ಅವಕಾಶವು ಇಲ್ಲಿ ಕೈಯಲ್ಲಿಯೇ ಇದೆ.

ಆ ಪೇಟೆಯ ನಿಜವಾದ ಶಾಸನಗಳು ಕೆಂಪು ಬಟ್ಟೆಯ ರಟ್ಟಿನ ಖಾತೆ-ಕೀರ್ದಿ ವಹಿಗಳು. ಯಾವ ಊರ ರೈತನು ಯಾವ ದಿನ ಎಷ್ಟು ಚೀಲ ತಂದನು, ತೂಕದಲ್ಲಿ ಎಷ್ಟು ಕಳೆದರು, ಮುಂಗಡವೆಷ್ಟು, ಬಡ್ಡಿಯೆಷ್ಟು, ಮಾಲು ಯಾವ ಊರಿಗೆ ಹೋಯಿತು ಎಂಬದೆಲ್ಲ ಅವುಗಳಲ್ಲಿದೆ. ದೀಪಾವಳಿಯ ಪಾಡ್ಯದ ದಿನ ಹೊಸ ವಹಿಗೆ ಪೂಜೆಯಾಗುವದು, ಹಳೆಯವು ಅಟ್ಟವನ್ನೇರುವವು, ಅಟ್ಟವು ತುಂಬಿದಾಗ ತೂಕದ ಮೇಲೆ ರದ್ದಿಗೆ ಹೋಗುವವು. ಈಗ ಲೆಕ್ಕವೆಲ್ಲ ಗಣಕಯಂತ್ರಕ್ಕೆ ಸೇರಿರುವದರಿಂದ ಉಳಿದಿರುವ ಹಳೆಯ ವಹಿಗಳಿಗೆ ಕೆಲಸವೂ ಇಲ್ಲ, ಕಾವಲೂ ಇಲ್ಲ. ಬ್ಯಾಡಗಿಯ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಅಡತಿ ಅಂಗಡಿಯವರ ಮಕ್ಕಳೂ ಇರುವರು, ಹಮಾಲರ ಮಕ್ಕಳೂ ಇರುವರು, ಮೆಣಸಿನಕಾಯಿಯನ್ನು ತರುವ ರೈತರ ಮಕ್ಕಳೂ ಇರುವರು. ದೀಪಾವಳಿಗೆ ಮೊದಲು, ಅಟ್ಟವನ್ನು ತೆರವುಮಾಡುವ ವಾರದಲ್ಲಿ, ಇವರಲ್ಲಿ ನಾಲ್ವರು ಒಬ್ಬ ಉಪಾಧ್ಯಾಯರೊಡನೆ ಹೋಗಿ ಕೇಳಿದರೆ ರದ್ದಿಯ ದರಕ್ಕೇ ಅವುಗಳನ್ನು ಕೊಡಲು ಒಪ್ಪುವ ಅಂಗಡಿಕಾರರು ಸಿಕ್ಕದೆ ಇರಲಾರರು.